ಎಕರೆಗೆ ಎಷ್ಟು ಕೊಟ್ರು ಅಂತಲ್ಲ, ಯಾವ ವರ್ಷದ ರೇಟು ಕೊಟ್ರು?

ರೈತರ ಜಮೀನನ್ನು ಸರ್ಕಾರ ತಗೊಳ್ತು ಅನ್ನೋ ಸುದ್ದಿ ಬಂದಾಗಲೆಲ್ಲ ನಾವು ಕೇಳೋದು ಒಂದೇ ಪ್ರಶ್ನೆ: ಎಕರೆಗೆ ಎಷ್ಟು ಕೊಟ್ರಂತೆ? ನಾನಿವತ್ತು ಮಾತಾಡೋದು ಅದರ ಪಕ್ಕದ ಪ್ರಶ್ನೆ ಬಗ್ಗೆ. ಯಾವ ವರ್ಷದ ರೇಟು ಕೊಟ್ರು?

ಕಾನೂನಿನ ಪ್ರಕಾರ ಜಮೀನಿನ ಬೆಲೆ ಲೆಕ್ಕ ಹಾಕೋದು ಪ್ರಾಥಮಿಕ ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ದರದ ಮೇಲೆ. 1894ರ ಬ್ರಿಟಿಷರ ಕಾಯ್ದೆಯಲ್ಲೂ ಹೀಗೇ ಇತ್ತು, 2013ರ ಹೊಸ ಕಾಯ್ದೆಯಲ್ಲೂ ಹೀಗೇ ಇದೆ. ಇದಕ್ಕೆ ಕಾರಣವೂ ಇದೆ. ಹೈವೇ ಬರುತ್ತೆ ಅಂತ ಗೊತ್ತಾದ ಮೇಲೆ ರೇಟು ಏರುತ್ತೆ, ಬ್ರೋಕರ್‌ಗಳು ಮುಗಿಬೀಳ್ತಾರೆ. ಹಾಗಾಗಿ ಒಂದು ದಿನಕ್ಕೆ ಗೆರೆ ಎಳೀತಾರೆ. ಸರಿ. ಆದ್ರೆ ದುಡ್ಡು ಬೇಗ ಬಂದ್ರೆ ಮಾತ್ರ ಇದು ನ್ಯಾಯ.

ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ. ಅಧಿಸೂಚನೆ ದಿನ ಎಕರೆಗೆ 10 ಲಕ್ಷ ಇತ್ತು ಅನ್ಕೊಳ್ಳಿ. ಚೆಕ್ ಬರೋಷ್ಟರಲ್ಲಿ 15 ವರ್ಷ. ಅದೇ ರಸ್ತೆಯ ದೆಸೆಯಿಂದ ಪಕ್ಕದ ಹೊಲಕ್ಕೆ ಈಗ ಒಂದು ಕೋಟಿ. ಬೆಲೆಯಾಗಿ ಬಂದ 10 ಲಕ್ಷಕ್ಕೆ ಅಲ್ಲಿ ಸಿಗೋದು ನಾಲ್ಕು ಗುಂಟೆ. (ಸಿಟಿಯಲ್ಲಿ ಬೆಳೆದವರಿಗೆ: ಎಕರೆಗೆ 40 ಗುಂಟೆ.) ಬಡ್ಡಿ, ಸೊಲೇಷಿಯಂ ಎಲ್ಲ ಸೇರುತ್ತೆ, ನಿಜ. ಆದ್ರೂ ಹೋದ ಎಕರೆಗೆ ಬದಲಾಗಿ ಇನ್ನೊಂದು ಎಕರೆ ಬರಲ್ಲ.

ಇದು ಬರೀ ಕಲ್ಪನೆ ಅಲ್ಲ. ಬೆಂಗಳೂರು-ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್‌ಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಆಯ್ತು, 2005ರಲ್ಲಿ ಜಾಗ ವಶಕ್ಕೆ ತಗೊಂಡ್ರು. ಪರಿಹಾರದ ಆದೇಶ ಹೊರಟಿದ್ದು 2019ರಲ್ಲಿ, ಅದೂ ನ್ಯಾಯಾಂಗ ನಿಂದನೆ ಕೇಸ್ ಹಾಕಿದ ಮೇಲೆ. ಆಗ ಅಧಿಕಾರಿ 2011ರ ಮಾರ್ಗಸೂಚಿ ದರ ಹಿಡಿದ್ರು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಅಲ್ಲಿಗೆ ಹೋದವರು ರೈತರಲ್ಲ, ಸೈಟು ಕೊಂಡಿದ್ದವರು. ಆದ್ರೆ ಸಮಸ್ಯೆ ಒಂದೇ. 2025ರ ಜನವರಿ 2ರಂದು ತೀರ್ಪು ಬಂತು. ದಿನಾಂಕ ಬದಲಿಸೋ ಅಧಿಕಾರ ಆ ಅಧಿಕಾರಿಗೆ ಇರಲಿಲ್ಲ, ಆದ್ರೆ 2003ರ ಬೆಲೆ ಕೊಡೋದೂ ಅನ್ಯಾಯ ಅಂತ ಕೋರ್ಟ್ ಹೇಳ್ತು. ಸಂವಿಧಾನದ 142ನೇ ವಿಧಿ ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆ ಕೊಡಿ ಅಂತು. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿದಿಲ್ಲ, ಆದ್ರೆ 300ಎ ವಿಧಿಯಡಿ ಸಾಂವಿಧಾನಿಕ ಹಕ್ಕಾಗಿ ಇದ್ದೇ ಇದೆ.

ನನಗನ್ಸೋದು, ಇದು ಒಳ್ಳೇ ತೀರ್ಪು, ಆದ್ರೆ 142 ಅನ್ನೋದು ಸುಪ್ರೀಂ ಕೋರ್ಟ್ ಕೈಲಿ ಮಾತ್ರ ಇರೋ ಅಸ್ತ್ರ. ಎರಡು ಎಕರೆ ಕಳ್ಕೊಂಡವರು ದಿಲ್ಲಿವರೆಗೂ ವಕೀಲರ ಫೀಸ್ ಎಲ್ಲಿಂದ ಕಟ್ತಾರೆ?

ಬಾಗಲಕೋಟೆ ಕಡೆ ನೋಡಿ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರ್‌ಗೆ ಏರಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಮುಳುಗೋ ಜಮೀನಿಗೆ ಎಕರೆಗೆ ನೀರಾವರಿಯಾದ್ರೆ 40 ಲಕ್ಷ, ಖುಷ್ಕಿಯಾದ್ರೆ 30 ಲಕ್ಷ ಅಂತ ರಾಜ್ಯ ಸಂಪುಟ ತೀರ್ಮಾನ ಮಾಡಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಮಧ್ಯದ ಆ 15 ವರ್ಷ? ಮುಳುಗುತ್ತೆ ಅಂತ ಗೊತ್ತಿರೋ ಹೊಲದಲ್ಲಿ ಯಾರು ಬೋರ್‌ವೆಲ್ ಕೊರೆಸ್ತಾರೆ, ಯಾರು ದಾಳಿಂಬೆ ಹಾಕ್ತಾರೆ? ಆ ನಷ್ಟಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ.

ಇನ್ನೊಂದು ವಿಷ್ಯ ಇದೆ, ಯಾರಿಗೂ ಹೇಳ್ಕೊಳ್ಳೋಕೆ ಇಷ್ಟ ಇರಲ್ಲ. ಮಾರುಕಟ್ಟೆ ಬೆಲೆ ಅಂದ್ರೆ ಮುಖ್ಯವಾಗಿ ಸುತ್ತಮುತ್ತಲಿನ ನೋಂದಾಯಿತ ಕ್ರಯಪತ್ರಗಳಲ್ಲಿರೋ ಬೆಲೆ. ಸ್ಟ್ಯಾಂಪ್ ಡ್ಯೂಟಿ ಉಳಿಸೋಕೆ ಪತ್ರದಲ್ಲಿ ಕಮ್ಮಿ ಬರೆಸೋದು ನಮ್ಮಲ್ಲಿ ಹೊಸದಲ್ಲ. ಆ ಕಮ್ಮಿ ಅಂಕಿಯೇ ಆಮೇಲೆ ಇಡೀ ಊರಿನ ಪರಿಹಾರವನ್ನ ಕೆಳಗೆ ಎಳೆಯುತ್ತೆ.

ನಿಮ್ಮ ಮನೇಲೂ ಇಂಥ ನೋಟಿಸ್ ಬಂದಿದ್ರೆ ಒಂದು ಮಾತು. 2013ರ ಕಾಯ್ದೆಯಲ್ಲಿ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸೋಕೆ 60 ದಿನ ಇದೆ. ಕೊಟ್ಟ ಮೊತ್ತ ಕಮ್ಮಿ ಅನ್ಸಿದ್ರೆ ಪ್ರಾಧಿಕಾರಕ್ಕೆ ಕಳಿಸಿ ಅಂತ ಅರ್ಜಿ ಹಾಕಬಹುದು. ಆದ್ರೆ ತಕರಾರು ಇಲ್ಲದೆ ದುಡ್ಡು ತಗೊಂಡ್ರೆ ಆ ಅವಕಾಶ ಹೋಯ್ತು. ಹಾಗಾಗಿ ಅಪ್ಪನೋ ಅಜ್ಜಿಯೋ ಚೆಕ್ ಇಸ್ಕೊಂಡು ಸಹಿ ಹಾಕುವಾಗ, ‘ತಕರಾರಿಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಅಂತ ಸಹಿ ಪಕ್ಕದಲ್ಲೇ ಬರೆಸಿ, ಆ ಹಾಳೆಯ ಫೋಟೋ ನಿಮ್ಮ ಫೋನಲ್ಲಿ ಇಟ್ಕೊಳ್ಳಿ.