ಕಾಲಿಗೆ ಬುದ್ಧಿ ಹೇಳುವ ಮಾತು

ಓಡಿಹೋಗುವವನ ವಿಷಯದಲ್ಲಿ ನಮ್ಮ ನುಡಿಗೆ ಒಂದು ಬಗೆಯ ಅಕ್ಕರೆಯಿದೆ. ನಿಂತು ಹೋರಾಡಿದವನನ್ನು ವೀರನೆಂದು ಕರೆದು ಸುಮ್ಮನಾಗುವ ಜನ, ಓಡಿದವನನ್ನು ಬಗೆಬಗೆಯಾಗಿ ಬಣ್ಣಿಸುತ್ತಾರೆ. ಅವನು ಕಂಬಿ ಕೀಳುತ್ತಾನೆ, ಪೇರಿ ಕೀಳುತ್ತಾನೆ, ಬಾಲ ಮುದುರಿಕೊಳ್ಳುತ್ತಾನೆ, ‘ಬದುಕಿದೆಯಾ ಬಡಜೀವವೇ’ ಎಂದು ಧಾವಿಸುತ್ತಾನೆ. ಇವುಗಳಲ್ಲಿ ನನಗೆ ಮೆಚ್ಚಿಕೆಯಾದುದು ‘ಕಾಲಿಗೆ ಬುದ್ಧಿ ಹೇಳುವುದು’. ತಲೆಗೆ ಹತ್ತದ ಬುದ್ಧಿ ಕಾಲಿಗಾದರೂ ಹತ್ತೀತೆಂಬ ತುಂಟತನ ಅದರಲ್ಲಿದೆ. ಇಂಗ್ಲಿಷರು ಹಿಮ್ಮಡಿ ತೋರಿಸಿ ಓಡುತ್ತಾರೆ. ಹೇಳದೆ ಕೇಳದೆ ಎದ್ದುಹೋಗುವುದಕ್ಕೆ ಅವರು ಫ್ರೆಂಚರ ರಜೆ ಎಂದರೆ, ಫ್ರೆಂಚರು ಅದನ್ನೇ ಇಂಗ್ಲಿಷರ ರೀತಿ ಎನ್ನುತ್ತಾರೆ. ಅಪಕೀರ್ತಿ ಯಾವಾಗಲೂ ನೆರೆಯವನದು!

ನಾನು ಕೊಟ್ಟೂರಿನ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಒಂದು ದಿನ ಇದೇ ನುಡಿಗಟ್ಟುಗಳ ಪಾಠ ನಡೆದಿತ್ತು. ಹಾಜರಿ ಕರೆಯುವಾಗ ಒಬ್ಬ ಹುಡುಗ ಓಗೊಡಲಿಲ್ಲ. ಪಾಠದ ಹುರುಪಿನಲ್ಲಿ, “ಎಲ್ಲಿ, ಕಂಬಿ ಕಿತ್ತನೇನು?” ಎಂದೆ. ತರಗತಿ ನಕ್ಕಿತು. ಅವನ ಓಣಿಯ ಹುಡುಗಿ ಎದ್ದು ನಿಂತು, “ಇಲ್ಲ ಸಾರ್, ಗುಳೇ ಹೋಗ್ಯಾರ. ಬಾಗಿಲಿಗೆ ಮುಳ್ಳು ಹಚ್ಯಾರ” ಎಂದಳು. ನಗು ನಿಂತಿತು. ಆ ಮಕ್ಕಳಲ್ಲಿ ಅನೇಕರ ಮನೆಯ ಮಾತು ಅದು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತ ಮಳೆಯನ್ನೇ ನಂಬಿದ ಹೊಲಗಳು ಬಹಳ. ಬೆಳೆ ಕೈಕೊಟ್ಟ ವರ್ಷ ತಾಂಡಾಗಳು, ಹಟ್ಟಿಗಳು ಬರಿದಾಗುತ್ತವೆ. ಕೆಲವರು ಮಂಡ್ಯದ ಕಬ್ಬಿನ ಗದ್ದೆಗೆ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಕೆಲವರು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು. (ಹರಪನಹಳ್ಳಿ ತಾಲ್ಲೂಕೇ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮರಳಿ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯನ್ನು ಸೇರಿತು, ಅದನ್ನು ಯಾರೂ ಗುಳೇ ಎನ್ನಲಿಲ್ಲ.)

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ ಅಚ್ಚಾಗತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ‘ವಲಸೆ’ ಎಂಬ ನಮ್ಮ ಮಾತನ್ನು ಹಾಗೆಯೇ ಎತ್ತಿಕೊಂಡು ವಿವರಿಸಿದ್ದಾನೆ. ದಂಡು ಬರುವ ಸುದ್ದಿ ಮುಟ್ಟಿದೊಡನೆ ಊರಿಗೆ ಊರೇ ಭಾರದ ಸಾಮಾನುಗಳನ್ನು ಹೂತು, ಮಕ್ಕಳು ಸಹ ಶಕ್ತ್ಯನುಸಾರ ಕಾಳು ಹೊತ್ತು ಹೊರಡುತ್ತಿತ್ತಂತೆ. ಈಗ ದಂಡು ಬರುವುದಿಲ್ಲ. ಗಂಟು ಹೊತ್ತ ಮಕ್ಕಳನ್ನು ಮಾತ್ರ ನಾನೇ ಬಸ್ ನಿಲ್ದಾಣದಲ್ಲಿ ಕಂಡಿದ್ದೇನೆ. ಕಂಬಿ ಕಿತ್ತವನಿಗೆ ಹಿಂದೆ ಅಟ್ಟಿ ಬರುವವನೊಬ್ಬನಿರುತ್ತಾನೆ. ಗುಳೇ ಹೋಗುವವರ ಹಿಂದೆ ಯಾರೂ ಇರುವುದಿಲ್ಲ, ಬಾಯಿಬಿಟ್ಟ ಹೊಲವಷ್ಟೆ.

ಯುಗಾದಿ ಕಳೆದ ಮೇಲೆ ಆ ಹುಡುಗ ಬಂದ. ಕಬ್ಬಿನ ಗರಿ ಗೀರಿದ ಕೈಗಳು. ಹೆಸರು ಕೂಗಿದೆ. “ಹಾಜರ್ ಸಾರ್” ಎಂದ, ತುಸು ಗಟ್ಟಿಯಾಗಿಯೇ.