ಸಾಮಾನು ತರುವ ಮೊದಲು ದೋಷ ತಿಳಿಯಿರಿ

(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಗಳ ವಿಷಯವಾಗಿ ನಾನು ಅನೇಕ ಸಲ ತಮ್ಮೆದುರು ಮಾತನಾಡಿದ್ದೇನೆ. ಇಂದು ಬೇರೊಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಟ್ರಾಕ್ಟರು ಕೆಟ್ಟಾಗ ಅದರ ಬಿಡಿಭಾಗವನ್ನು ನಾವೇ ಪೇಟೆಯಲ್ಲಿ ಕೊಂಡು ಗ್ಯಾರೇಜಿಗೆ ಒಯ್ದು ಕೊಡುವುದು ಲಾಭವೋ ನಷ್ಟವೋ ಎಂಬುದೇ ಆ ವಿಷಯ. “ಗ್ಯಾರೇಜಿನವರು ಸಾಮಾನಿನ ಮೇಲೆ ಹೆಚ್ಚು ಹಾಕುತ್ತಾರೆ, ನಾವೇ ತಂದರೆ ನಾಲ್ಕು ಕಾಸು ಉಳಿಯುತ್ತದೆ” ಎಂಬುದು ನಮ್ಮಲ್ಲಿ ಬಹಳ ಜನರ ಎಣಿಕೆ. ನನ್ನ ಎಣಿಕೆಯೂ ಹಾಗೆಯೇ ಇತ್ತು. ಅದಕ್ಕೆ ನಮ್ಮ ಮನೆಯವರು ತೆತ್ತ ಬೆಲೆಯನ್ನು ಮೊದಲು ಹೇಳುತ್ತೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ. ಮೃಗಶಿರಾ ಮಳೆ ಚೆನ್ನಾಗಿ ಬಿದ್ದು, ನಮ್ಮ ಎರೆಹೊಲ ಹೆಸರು ಬಿತ್ತನೆಯ ಹದಕ್ಕೆ ಬರುವುದರಲ್ಲಿತ್ತು. ಅಷ್ಟರಲ್ಲಿ ಟ್ರಾಕ್ಟರು ಭಾರ ಎಳೆಯದಾಯಿತು. ಇಂಜಿನ್ ಜೋರಾಗಿ ತಿರುಗುತ್ತದೆ, ಗಾಲಿ ಮಾತ್ರ ಮುಂದೆ ಹೋಗದು. ಕ್ಲಚ್ ಪ್ಲೇಟು ಸವೆದಿದೆಯೆಂದು ನಾನೇ ತೀರ್ಮಾನಿಸಿದೆ. “ಮೊದಲು ಮಿಸ್ತ್ರಿಗೆ ತೋರಿಸೋಣ, ತಮ್ಮಾ” ಎಂದರು ತಂದೆಯವರು. ಓದಿದವನೆಂಬ ಹಮ್ಮಿನಲ್ಲಿ ನಾನು ಕೇಳಲಿಲ್ಲ. ಪೇಟೆಗೆ ಹೋಗಿ ಪ್ಲೇಟು ಕೊಂಡೆ. ಗ್ಯಾರೇಜಿನವರು ಹೇಳುವ ಬೆಲೆಗಿಂತ 600 ರೂಪಾಯಿ ಕಡಿಮೆ. ಬಿಲ್ಲು ಕೇಳಲಿಲ್ಲ. ಪ್ಲೇಟನ್ನು ಮಿಸ್ತ್ರಿಯ ಕೈಗೆ ಕೊಟ್ಟು “ಇದನ್ನು ಹಾಕಿಕೊಡಿ” ಎಂದೆ. ಅವನು ಹಾಕಿಕೊಟ್ಟ.

ನಾಲ್ಕನೆಯ ದಿನ ಹೊಲದ ನಡುವೆ ಟ್ರಾಕ್ಟರು ಮತ್ತೆ ಹಾಗೆಯೇ ನಿಂತಿತು. ಮತ್ತೆ ಬಿಚ್ಚಿ ನೋಡಿದರೆ ಹೊಸ ಪ್ಲೇಟು ಎಣ್ಣೆಯಲ್ಲಿ ನೆನೆದಿತ್ತು. ಇಂಜಿನ್ನಿನ ಹಿಂಬದಿಯ ಎಣ್ಣೆ ಸೀಲು ಸವೆದು, ಅಲ್ಲಿಂದ ಜಿನುಗಿದ ಎಣ್ಣೆ ಪ್ಲೇಟಿಗೆ ಹತ್ತಿ ಜಾರುತ್ತಿತ್ತು. ಹಳೆಯ ಪ್ಲೇಟು ಜಾರಿದ್ದೂ ಅದರಿಂದಲೇ. ದೋಷವಿದ್ದದ್ದು ಸೀಲಿನಲ್ಲಿ, ನಾನು ಕೊಂಡು ತಂದದ್ದು ಪ್ಲೇಟನ್ನು!

ಮಿಸ್ತ್ರಿಯನ್ನು ಕೇಳಿದೆ. “ಇದನ್ನು ಹಾಕು ಅಂದಿರಿ, ಹಾಕಿದೆ. ಏನಾಗಿದೆ ನೋಡು ಅಂತ ನೀವು ಹೇಳಲಿಲ್ಲವಲ್ಲ” ಎಂದ. ಬಿಚ್ಚಿದಾಗ ಅವನೂ ನೋಡಬೇಕಾಗಿತ್ತು, ನಿಜ. ಆದರೆ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯವರು “ಎಣ್ಣೆ ಹತ್ತಿದ ಪ್ಲೇಟು ವಾಪಸಿಲ್ಲ, ಅದು ನಮ್ಮಲ್ಲಿಯೇ ಕೊಂಡದ್ದು ಎಂಬುದಕ್ಕೆ ಬಿಲ್ಲೆಲ್ಲಿ?” ಎಂದರು. ಉಳಿದದ್ದು 600 ರೂಪಾಯಿ. ಎರಡನೆಯ ಸಲದ ಕೂಲಿಯೇ 3000 ರೂಪಾಯಿ, ಅದರ ಮೇಲೆ ಇನ್ನೊಂದು ಪ್ಲೇಟು. ಒಂಬತ್ತು ದಿನ ಕಳೆದು ಹೊಲದ ಹದ ಆರಿತು. ಮುಂದಿನ ಮಳೆಗೆ ಬಿತ್ತಿದ ಹೆಸರು ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದು ಕಾಯಿ ಕಪ್ಪಾಯಿತು. ತಂದೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು.

ಬಾಂಧವರೇ, ಸಾಮಾನನ್ನು ನಾವು ತಂದಕೂಡಲೇ ಹೊಣೆ ಎರಡು ಹೋಳಾಗುತ್ತದೆ. ವಸ್ತುವಿನ ಹೊಣೆ ಅಂಗಡಿಯವನದು, ಕೂಡಿಸಿದ ಕೆಲಸದ ಹೊಣೆ ಮಿಸ್ತ್ರಿಯದು. ರೋಗ ಯಾವುದೆಂದು ಗುರುತಿಸಿದ ಹೊಣೆ ಮಾತ್ರ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ವೈದ್ಯರ ಬಳಿಗೆ ಹೋಗುವವನು ಹೊಟ್ಟೆನೋವನ್ನು ಹೇಳಬೇಕೇ ಹೊರತು ಔಷಧದ ಸೀಸೆಯನ್ನು ಹಿಡಿದುಕೊಂಡು ಹೋಗಬಾರದು. ಗ್ಯಾರೇಜಿಗೂ ದೂರನ್ನು ಒಯ್ಯಬೇಕು. ಸಾಮಾನು ಆಮೇಲೆ.

ಹಾಗಾದರೆ ಸ್ವಂತ ಸಾಮಾನು ತರಲೇಬಾರದೇ? ಹಾಗಲ್ಲ. ತರಬಹುದಾದವು ಇವೆ. ಇಂಜಿನ್ ಆಯಿಲ್, ಬ್ಯಾಟರಿ, ಟೈರು, ಟ್ಯೂಬು, ಬಲ್ಬು ಇವುಗಳ ದರ್ಜೆ ಮತ್ತು ಅಳತೆಗಳು ಕಂಪನಿಯ ಪುಸ್ತಕದಲ್ಲಿಯೇ ಇರುತ್ತವೆ. ಬೇರಿಂಗಿನ ಮೈಮೇಲೆ ನಂಬರು ಇರುತ್ತದೆ. ಉದಾಹರಣೆಗೆ 6205 ಎಂದಿದ್ದರೆ ಒಳ ಅಳತೆ 25, ಹೊರ ಅಳತೆ 52, ದಪ್ಪ 15 ಮಿಲಿಮೀಟರು. ಯಾವ ಕಂಪನಿಯದಾದರೂ ಈ ಅಳತೆ ಬದಲಾಗದು. ಇಂಥವನ್ನು ನಾಲ್ಕು ಅಂಗಡಿ ವಿಚಾರಿಸಿ ತಂದರೆ ಲಾಭವುಂಟು.

ಮಿಸ್ತ್ರಿಯ ಕೈಗೆ ಬಿಡಬೇಕಾದವೂ ಇವೆ. ಕ್ಲಚ್ಚಿನ ಭಾಗಗಳು, ಡೀಸೆಲ್ ಪಂಪು ಮತ್ತು ಇಂಜೆಕ್ಟರ್, ಪಿಸ್ಟನ್ ಮತ್ತು ಲೈನರ್, ಹೈಡ್ರಾಲಿಕ್ ಸೀಲುಗಳು ಆ ಬಗೆಯವು. ಕ್ಲಚ್ ಬದಲಿಸಬೇಕಾದರೆ ಇಂಜಿನ್ ಮತ್ತು ಗೇರುಪೆಟ್ಟಿಗೆಗಳನ್ನು ಬೇರ್ಪಡಿಸಬೇಕು. ಅಂಥ ಕೆಲಸದಲ್ಲಿ ಒಂದು ತಪ್ಪಿಗೆ ಕೂಲಿ ಎರಡು ಸಲ ಬೀಳುತ್ತದೆ. ಒಂದೇ ಹೆಸರಿನ ಟ್ರಾಕ್ಟರಿನಲ್ಲಿಯೂ ಒಂಟಿ ಕ್ಲಚ್ಚಿನದು, ಜೋಡಿ ಕ್ಲಚ್ಚಿನದು ಎಂಬ ಭೇದವುಂಟು. ಪ್ಲೇಟಿನ ಅಗಲವೂ ನಡುವಿನ ಹಲ್ಲುಗಳ ಎಣಿಕೆಯೂ ಬೇರೆಯಾಗಬಹುದು.

ಇನ್ನು, ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಒಂದನೆಯದಾಗಿ, ಮೊದಲು ಬಿಚ್ಚಿ ನೋಡಿಸಿರಿ. ಬೇಕಾದ ಸಾಮಾನುಗಳ ಪಟ್ಟಿಯನ್ನು ನಂಬರು ಸಹಿತ ಮಿಸ್ತ್ರಿಯಿಂದಲೇ ಬರೆಯಿಸಿಕೊಳ್ಳಿರಿ. ಕ್ಲಚ್ ಬಿಚ್ಚಿದಾಗ ಎಣ್ಣೆ ಸೀಲು, ರಿಲೀಸ್ ಬೇರಿಂಗ್, ಪ್ರೆಶರ್ ಪ್ಲೇಟು, ಫ್ಲೈವೀಲಿನ ಮುಖ ಇವನ್ನೂ ನೋಡಲು ಹೇಳಿರಿ.

ಎರಡನೆಯದಾಗಿ, ಸಾಮಾನು ನೀವೇ ತರುವುದಾದರೆ ಅದನ್ನು ಮೊದಲೇ ಹೇಳಿ ಕೂಲಿ ಗೊತ್ತುಮಾಡಿಕೊಳ್ಳಿರಿ. ಸಾಮಾನಿನ ಮೇಲೆ ಸಿಗುವ ನಾಲ್ಕು ಕಾಸಿನಿಂದಲೂ ಗ್ಯಾರೇಜಿನವನ ಸಂಸಾರ ನಡೆಯಬೇಕು. ಅದು ತಪ್ಪಿದರೆ ಅವನು ಕೂಲಿ ಹೆಚ್ಚು ಕೇಳುವುದು ಅನ್ಯಾಯವಲ್ಲ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ ನೋಡಿರಿ.

ಮೂರನೆಯದಾಗಿ, ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನೂ, ಟ್ರಾಕ್ಟರಿನ ಇಂಜಿನ್ ಮತ್ತು ಚಾಸಿ ನಂಬರುಗಳನ್ನೂ ಒಯ್ಯಿರಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇವು ಅಚ್ಚಾಗಿರಬೇಕೆಂಬುದು ಕಾನೂನು. ಆ ಬೆಲೆಗಿಂತ ಹೆಚ್ಚು ಕೊಡಬೇಕಾಗಿಲ್ಲ.

ನಾಲ್ಕನೆಯದಾಗಿ, ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಿರಿ. “ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ” ಎಂಬ ಮಾತಿಗೆ ಮರುಳಾಗಬೇಡಿರಿ. ಗ್ಯಾರೇಜಿನಿಂದಲೂ ಯಾವ ಕೆಲಸ ಮಾಡಿದರು, ಸಾಮಾನು ಯಾರದು ಎಂಬುದನ್ನು ಬರೆಯಿಸಿಕೊಳ್ಳಿರಿ. ತೆಗೆದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿರಿ.

ಐದನೆಯದಾಗಿ, ಟ್ರಾಕ್ಟರು ಇನ್ನೂ ಕಂಪನಿಯ ವಾರಂಟಿಯಲ್ಲಿದ್ದರೆ ಹೊರಗಿನ ಸಾಮಾನು ಹಾಕಿಸುವ ಮೊದಲು ವಾರಂಟಿಯ ಕರಾರುಗಳನ್ನು ಓದಿಸಿ ಕೇಳಿರಿ.

ಇಷ್ಟು ಮಾಡಿಯೂ ಮೋಸವಾದರೆ ಸುಮ್ಮನೆ ಕೂಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ಸಾಮಾನಿಗೂ, ಕೊರತೆಯ ಕೆಲಸಕ್ಕೂ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಬಳಸುವ ಯಂತ್ರಕ್ಕೂ ಈ ರಕ್ಷಣೆಯುಂಟು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿಯೂ ಸಲಹೆ ಪಡೆಯಬಹುದು. ಆದರೆ ಎಲ್ಲಕ್ಕೂ ಮೊದಲು ಕೇಳುವುದು ಬಿಲ್ಲನ್ನೇ. ನನ್ನ ಬಳಿ ಅದು ಇರಲಿಲ್ಲ.

ಕಡೆಯದಾಗಿ ಒಂದು ಮಾತು. ಹದ ಬಂದ ಮೇಲೆ ಗ್ಯಾರೇಜಿಗೆ ಓಡುವವನಿಗೆ ವಿಚಾರಿಸಲು ವ್ಯವಧಾನವಿರುವುದಿಲ್ಲ. ಬೇಸಗೆಯಲ್ಲಿಯೇ ಟ್ರಾಕ್ಟರನ್ನು ಒಮ್ಮೆ ತೋರಿಸಿಬಿಡಿರಿ. ಆಗ ಮಿಸ್ತ್ರಿಗೂ ಬಿಡುವಿರುತ್ತದೆ, ನಮಗೂ ನಾಲ್ಕು ಅಂಗಡಿ ತಿರುಗಲು ಸಮಯವಿರುತ್ತದೆ. ಕೆಟ್ಟ ಪ್ಲೇಟಿಗೆ ಬದಲು ಇನ್ನೊಂದು ಸಿಕ್ಕೀತು, ಕಳೆದುಹೋದ ಹದಕ್ಕೆ ಬದಲು ಯಾವ ಅಂಗಡಿಯಲ್ಲಿಯೂ ಸಿಕ್ಕದು.