ಅಪರಿಚಿತ ಹಾಡಿಗೆ ಕಿವಿಗೊಡುವುದು

(ಹೈದರಾಬಾದ್ ಕನ್ನಡಿಗರ ಸಂಗೀತ ಶ್ರವಣ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆಯ ಆಮಂತ್ರಣದಲ್ಲಿ ‘ಬ್ರೆಜಿಲ್ ದೇಶದ ಸಂಗೀತ’ ಎಂದು ಅಚ್ಚಾದುದನ್ನು ಕಂಡ ಹಿರಿಯ ಸದಸ್ಯರೊಬ್ಬರು ನನ್ನನ್ನು ಬಾಗಿಲಲ್ಲೇ ತಡೆದು, “ನಮ್ಮ ಮಕ್ಕಳಿಗೆ ದಾಸರ ಪದವೇ ಬಾರದು, ಈ ಬ್ರೆಜಿಲ್ ಯಾತಕ್ಕೆ ಸ್ವಾಮಿ?” ಎಂದು ಕೇಳಿದರು. ಪ್ರಶ್ನೆ ಸಾಧುವಾದುದೇ. ನನ್ನ ಮಾತೆಲ್ಲ ಆ ಪ್ರಶ್ನೆಗೆ ಕೊಡಬೇಕಾದ ಉತ್ತರ. ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.

ಬ್ರೆಜಿಲ್ ಎಂದರೆ ಜಗತ್ತಿಗೆ ಗೊತ್ತಿರುವುದು ಕಾರ್ನಿವಲ್ಲಿನ ಸಾಂಬಾ ಮತ್ತು ಬೊಸ್ಸಾ ನೋವಾ. ಟಾಮ್ ಜೊಬಿಮ್ 1962ರಲ್ಲಿ ರಾಗ ಹಾಕಿದ ಇಪನೇಮಾ ಕಡಲತೀರದ ಹುಡುಗಿಯ ಹಾಡು ಅಮೆರಿಕಕ್ಕೆ ಹೋಗಿ, 1965ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದು, ಇಂದು ದೊಡ್ಡ ಹೋಟೆಲುಗಳ ಲಿಫ್ಟಿನಲ್ಲಿಯೂ ಕೇಳಿಬರುತ್ತದೆ. ಅದು ಸುಂದರವಾದ ಹಾಡೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ರಿಯೊ ನಗರದ ಕಡಲಂಚಿನ ಅನುಕೂಲಸ್ಥರ ಬಡಾವಣೆಯಲ್ಲಿ ಹುಟ್ಟಿದ ಸಂಗೀತ. ಅದೇ ದೇಶದ ಈಶಾನ್ಯ ಭಾಗದ ಒಳನಾಡು ಬೇರೆಯೇ ಲೋಕ. ಅಲ್ಲಿನವರು ಅದನ್ನು ಸೆರ್ತಾಂವ್ ಎನ್ನುತ್ತಾರೆ. ಮುಳ್ಳುಕಂಟಿ, ಬಿರುಬಿಸಿಲು, ಕೈಕೊಡುವ ಮಳೆ. ರಾಯಚೂರು, ಯಾದಗಿರಿಯ ಸೀಮೆಯಿಂದ ಬಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಸೀಮೆಯ ಪೆರ್ನಂಬುಕೊದಲ್ಲಿ 1912ರಲ್ಲಿ ಹುಟ್ಟಿದ ಲೂಯಿಜ್ ಗೊನ್ಜಾಗನ ಕೈಯಲ್ಲಿದ್ದುದು ಅಕಾರ್ಡಿಯನ್. ಅದರ ಜೊತೆಗೆ ಜಬೂಂಬಾ ಎಂಬ ದೊಡ್ಡ ಚರ್ಮವಾದ್ಯ, ಮತ್ತು ಕಬ್ಬಿಣದ ಸರಳನ್ನು ಮೂರು ಮೂಲೆಯಾಗಿ ಬಾಗಿಸಿದ ಒಂದು ತಾಳ. ಈ ಮೂರೇ ವಾದ್ಯ. ನಮ್ಮ ಭಜನಾ ಮೇಳದ ಪೇಟಿ, ದಮ್ಮಡಿ, ತಾಳಗಳನ್ನು ನೆನೆಯಿರಿ. ಅಕಾರ್ಡಿಯನ್ನೂ ನಮ್ಮ ಪೇಟಿಯೂ ಒಂದೇ ಕುಲದವು: ತಿದಿಯ ಗಾಳಿ ಲೋಹದ ನಾಲಗೆಯನ್ನು ನಡುಗಿಸಿದಾಗ ಸ್ವರ. ಎರಡೂ ಯುರೋಪಿನಿಂದ ಹೊರಟು, ಒಂದು ಸೆರ್ತಾಂವಿಗೆ ಹೋಯಿತು, ಇನ್ನೊಂದು ನಮ್ಮ ಮಠಗಳಿಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿತು.

ಗೊನ್ಜಾಗನ ‘ಅಸಾ ಬ್ರಾಂಕಾ’ 1947ರ ಧ್ವನಿಮುದ್ರಿಕೆ. ಬರ ಬಂದಾಗ ಊರಿನ ಪಾರಿವಾಳವೂ ಹಾರಿಹೋಗುತ್ತದೆ, ಹಿಂದೆಯೇ ಮನುಷ್ಯನೂ ಹೊರಡುತ್ತಾನೆ. ಮಳೆ ಬಂದರೆ ಮರಳುವೆನೆಂದು ಪ್ರಿಯತಮೆಗೆ ಮಾತು ಕೊಡುತ್ತಾನೆ. ಹೀಗೆ ಹೊರಟವರು ಹಲಗೆ ಹಾಕಿದ ಲಾರಿಗಳಲ್ಲಿ ಕುಳಿತು ರಿಯೊ, ಸಾವ್ ಪೌಲೊ ನಗರಗಳಿಗೆ ಬಂದರು. ಆ ಲಾರಿಗೆ ಜನ ಇಟ್ಟ ಹೆಸರು ‘ಗಿಳಿ ಕೂರುವ ಕೋಲು’. ರಿಯೊದಲ್ಲಿ ಅವರು ಇಳಿಯುತ್ತಿದ್ದ ಸಾಂವ್ ಕ್ರಿಸ್ತೋವಾಂವ್ ಮೈದಾನದಲ್ಲಿ 1940ರ ದಶಕದಿಂದ ಅವರದೇ ಸಂತೆ ಬೆಳೆಯಿತು. ಊರಿನ ತಿಂಡಿ, ಊರಿನ ಮಾತು, ಊರಿನ ಹಾಡು. ಅದನ್ನು ಹೊರನಾಡ ಸಂಘವೆಂದು ಕರೆದರೆ ತಪ್ಪೇನು? ನೋಂದಣಿ ಇರಲಿಲ್ಲ, ಅಷ್ಟೆ.

ಅವರಲ್ಲಿ ರೆಪೆಂಚಿ ಎಂಬ ಇನ್ನೊಂದು ಪರಂಪರೆಯಿದೆ. ಇಬ್ಬರು ಗಾಯಕರು ತಂತಿವಾದ್ಯ ಹಿಡಿದು ಎದುರುಬದುರು ಕೂರುತ್ತಾರೆ. ಒಬ್ಬ ಪದ್ಯ ಕಟ್ಟಿ ಸವಾಲು ಹಾಕಿದರೆ ಇನ್ನೊಬ್ಬ ಛಂದಸ್ಸು, ಪ್ರಾಸ ಕೆಡದಂತೆ ಕೂಡಲೇ ಉತ್ತರಿಸಬೇಕು. ನಡುವೆ ಕೇಳುಗರು ಒಂದು ಸಾಲು ಎಸೆದು, ಅದಕ್ಕೆ ಪದ್ಯ ಹೊಂದಿಸಿ ಎನ್ನಬಹುದು. ನಮ್ಮ ಕಲ್ಗಿ–ತುರಾಯಿ, ಹರದೇಶಿ–ನಾಗೇಶಿ ಮೇಳಗಳನ್ನು ಬಲ್ಲವರಿಗೆ ಇದು ಪರಕೀಯವೆನಿಸದು. 2021ರಲ್ಲಿ ಬ್ರೆಜಿಲ್ ಸರಕಾರದ ಪರಂಪರೆ ಸಂಸ್ಥೆ ರೆಪೆಂಚಿಯನ್ನು ದೇಶದ ಸಾಂಸ್ಕೃತಿಕ ಆಸ್ತಿಯೆಂದು ದಾಖಲಿಸಿತು. ಬಹಳ ಮೊದಲೇ, 1938ರಲ್ಲಿ, ಮಾರಿಯೊ ದ ಆಂದ್ರಾದಿ ಎಂಬ ಕವಿ ಸಾವ್ ಪೌಲೊ ನಗರಾಡಳಿತದ ಸಂಸ್ಕೃತಿ ವಿಭಾಗದಿಂದ ನಾಲ್ವರನ್ನು ಧ್ವನಿಗ್ರಾಹಕ ಯಂತ್ರದೊಂದಿಗೆ ಉತ್ತರಕ್ಕೆ ಕಳುಹಿಸಿ ಜನಪದರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ನಗರಾಡಳಿತವೊಂದು ಹಾಡಿಗಾಗಿ ಹಣ ತೆಗೆದಿಟ್ಟಿತೆಂಬ ಮಾತು ನಮಗೆ ಪುರಾಣದಂತೆ ಕೇಳಿಸುತ್ತದೆ!

ಇನ್ನು ನಮ್ಮ ಕಡೆಗೆ ಬರುತ್ತೇನೆ. ನಮ್ಮಲ್ಲಿಯೂ ಒಂದು ಇಪನೇಮಾ ಇದೆ. ತತ್ತ್ವಪದವೆಂದರೆ ನಮ್ಮ ಬಹುಪಾಲು ಸದಸ್ಯರಿಗೆ ಶಿಶುನಾಳ ಶರೀಫರು, ಶರೀಫರೆಂದರೆ ಸಿ. ಅಶ್ವಥ್ ಅವರ ಕಂಠ ಮತ್ತು ನಾಗಾಭರಣರ 1990ರ ಚಲನಚಿತ್ರ. ಅವರ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಕಡಕೋಳದ ಮಡಿವಾಳಪ್ಪನವರನ್ನು, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರು ಕೃಷ್ಣಪ್ಪ, ಕಡ್ಲೇವಾಡ ಸಿದ್ಧಪ್ಪನವರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕಡಕೋಳದ ಸೀಮೆಯೂ ಈ ಹೈದರಾಬಾದೂ 1948ರವರೆಗೆ ಒಂದೇ ನಿಜಾಮನ ಆಳ್ವಿಕೆಯಲ್ಲಿದ್ದವು, 1956ರ ನವೆಂಬರ್ 1ರವರೆಗೆ ಒಂದೇ ರಾಜ್ಯದಲ್ಲಿದ್ದವು. ಅಂದರೆ ಈ ಪದಗಳು ಇಲ್ಲಿಗೆ ಹೊರಗಿನಿಂದ ಬಂದವಲ್ಲ.

ಅವು ಈಗಲೂ ಇಲ್ಲಿವೆ. ಒಂದು ಅಮಾವಾಸ್ಯೆಯ ರಾತ್ರಿ, ಕೊಂಡಾಪುರದ ಕಡೆ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದರ ಮಗ್ಗುಲಿನ ತಗಡಿನ ಶೆಡ್ಡುಗಳಿಂದ ಏಕತಾರಿಯ ನಾದ ಕೇಳಿ ನಾನು ನಿಂತೆ. ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದ ಏಳೆಂಟು ಮಂದಿ ಪದ ಹಾಡುತ್ತಿದ್ದರು. ದಮ್ಮಡಿ ಇರಲಿಲ್ಲ, ಸಿಮೆಂಟು ಕಲಸುವ ಬುಟ್ಟಿಯನ್ನು ಬೋರಲು ಹಾಕಿಕೊಂಡಿದ್ದರು. ಅವರ ತೆಲುಗು ಮೇಸ್ತ್ರಿ ಗದರಿಸಲು ಬಂದನೆಂದುಕೊಂಡೆ. ಆತ ಪಕ್ಕದಲ್ಲಿಯೇ ಕುಳಿತು, ಪೋತುಲೂರಿ ವೀರಬ್ರಹ್ಮಂ ಅವರ ಪರಂಪರೆಯ ತತ್ತ್ವವೊಂದನ್ನು ತೆಲುಗಿನಲ್ಲಿ ಎತ್ತಿಕೊಂಡ. ಏಕತಾರಿಯವನು ಅವನ ಶ್ರುತಿಗೆ ತನ್ನ ತಂತಿಯನ್ನು ಸರಿಪಡಿಸಿಕೊಂಡ. ಯಾರೂ ಯಾರಿಗೂ ಅರ್ಥ ಹೇಳಲಿಲ್ಲ.

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಈ ಏಳೆಂಟು ಮಂದಿಯಲ್ಲಿ ಒಬ್ಬರೂ ಇಲ್ಲ. ರಾಜ್ಯೋತ್ಸವಕ್ಕೆ ನಾವು ಬೆಂಗಳೂರಿನಿಂದ ಗಾಯಕರನ್ನು ರೈಲುಖರ್ಚು ಕೊಟ್ಟು ಕರೆಸುತ್ತೇವೆ, ಕರೆಸಬೇಕಾದುದೇ. ನಾನೂ ಹಲವು ವರ್ಷ ಆ ಖರ್ಚಿಗೆ ಕೈಯೆತ್ತಿದವನು, ಶೆಡ್ಡಿನ ಕಡೆ ತಿರುಗಿ ನೋಡಿದವನಲ್ಲ. ರಿಯೊದಲ್ಲಿ ಕಾರ್ತೋಲಾ ಎಂಬ ಸಾಂಬಾ ಕವಿಯಿದ್ದ. 1928ರಲ್ಲಿ ಮಾಂಗೇರಾ ಎಂಬ ಹೆಸರಾಂತ ಸಾಂಬಾ ಮೇಳವನ್ನು ಕಟ್ಟಿದವರಲ್ಲಿ ಒಬ್ಬ. ಆಮೇಲೆ ಜನ ಅವನನ್ನು ಮರೆತರು. 1956ರಲ್ಲಿ ಪತ್ರಕರ್ತರೊಬ್ಬರು ಅವನನ್ನು ಗುರುತಿಸಿದಾಗ ಅವನು ಕಾರು ತೊಳೆಯುತ್ತಿದ್ದ, ಅದೂ ಆ ಇಪನೇಮಾದಲ್ಲಿಯೇ. ಅವನ ಸ್ವಂತದ ಮೊದಲ ಧ್ವನಿಮುದ್ರಿಕೆ ಬಂದದ್ದು 1974ರಲ್ಲಿ, ಅರವತ್ತೈದನೆಯ ವಯಸ್ಸಿಗೆ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು: ಬ್ರೆಜಿಲ್ಲಿನ ಹಾಡನ್ನು ಕೇಳುತ್ತ ನನ್ನ ಕಿವಿಗೆ ಒಂದು ಅಭ್ಯಾಸವಾಯಿತು; ಆ ಕಿವಿಯಿಂದಲೇ ನಾನು ಆ ರಾತ್ರಿ ಶೆಡ್ಡಿನ ಮುಂದೆ ನಿಂತೆ. ಅದಿಲ್ಲದಿದ್ದರೆ ಗದ್ದಲವೆಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆನೇನೋ.

ಹೊಸಬರಿಗೆ ಹಾಡು ಕೇಳಿಸುವ ಬಗೆಯ ಬಗ್ಗೆ ಒಂದು ಮಾತು. ನಾನು ಮೊದಮೊದಲು ನನಗೆ ಅತಿ ಪ್ರಿಯವಾದುದನ್ನೇ ಕೇಳಿಸಿ, ಎದುರಿನವರ ಮುಖ ನೋಡುತ್ತ ಕೂರುತ್ತಿದ್ದೆ. ಅದು ತಪ್ಪು. ನಮಗೆ ಹತ್ತು ವರ್ಷದಲ್ಲಿ ದಕ್ಕಿದುದು ಅವರಿಗೆ ಹತ್ತು ನಿಮಿಷದಲ್ಲಿ ದಕ್ಕದು. ಮುಖ ನೋಡುತ್ತ ಕುಳಿತರೆ ಪಾಪ, ತಲೆಯಾಡಿಸದೆ ಅವರಿಗೆ ಗತಿಯಿಲ್ಲ. ಈಗ ಲಯ ಗಟ್ಟಿಯಾಗಿರುವುದನ್ನು ಮೊದಲು ಹಾಕುತ್ತೇನೆ, ಅರ್ಥವನ್ನು ಎರಡನೆಯ ಸಲ ಕೇಳುವಾಗ ಹೇಳುತ್ತೇನೆ.

ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಅಮಾವಾಸ್ಯೆಯ ಕೂಟವನ್ನು ಈ ಸಭಾಂಗಣದ ಬದಲು ಆ ಶೆಡ್ಡಿನ ಅಂಗಳದಲ್ಲಿ ಇಟ್ಟುಕೊಳ್ಳೋಣ. ಮೇಸ್ತ್ರಿಯೊಡನೆ ನಾನು ಮಾತಾಡಿದ್ದೇನೆ. ಜಾಗವುಂಟು, ಜಮಖಾನೆ ನಾವು ಒಯ್ಯಬೇಕು. ದಮ್ಮಡಿಯೊಂದನ್ನೂ ಒಯ್ದರೆ ಒಳ್ಳೆಯದು.

ಈಗ ಗೊನ್ಜಾಗನ ಹಾಡು. ದಯವಿಟ್ಟು ಫ್ಯಾನಿನ ವೇಗವನ್ನು ಸ್ವಲ್ಪ ತಗ್ಗಿಸಿ, ತಾಳದ ಸದ್ದು ತೆಳುವಾಗಿದೆ.